ದಾರಿ ಕೇಳುತ್ತಿದ್ದ ನರ್ಸಬಾಯಿ

ಬಾಗಲಕೋಟೆಯ ಹೆರಿಗೆ ದವಾಖಾನೆಯ ನರ್ಸಬಾಯಿ, ಬಸಿರು ಬೇಡವೆಂದು ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದರು: “ಮನಿಯಿಂದ ಇಲ್ಲಿಗೆ ಎಷ್ಟೊತ್ತು ಹಿಡಿತೈತವಾ?”

ನನಗೆ ಏಳು ವಾರವಾಗಿತ್ತು. ಡಾಕ್ಟರು ಸ್ಕ್ಯಾನ್ ನೋಡಿ ಗುಳಿಗೆ ಬರೆದಿದ್ದರು. “ಶಿರೂರಿಂದ ಅರ್ಧ ತಾಸ್ರಿ,” ಎಂದೆ.

ನರ್ಸಬಾಯಿ ಕೈಗಡಿಯಾರವನ್ನು ಮೊಣಕೈಯತ್ತ ಸರಿಸಿದರು. “ಬಸ್ಸಿಗೆ ಕಾಯೂದು ಲೆಕ್ಕಕ್ಕ ಹಿಡಿಲಿಲ್ಲ ನೀ. ಗುಳಗಿ ತಗೊಂಡ್ರ ರಕ್ತ ಹೋಗೂದು ಖರೆ. ಆದರ ತಾಸಿಗೆ ಎರಡು ಪ್ಯಾಡ್ ತೊಯ್ದು, ಎರಡು ತಾಸು ಹಂಗ ನಡೆದರ ಇಲ್ಲಿಗೆ ಬರಾಕ ತಡಾ ಮಾಡಬಾರದು. ಇಲ್ಲೆ ನಿಮ್ಮವರು ಯಾರದಾರ?”

“ಅಕ್ಕ ಅದಾಳ್ರಿ.”

“ಹಂಗಾರ ಆಕಿ ಮನ್ಯಾಗ ಇರು.”

ಅಕ್ಕನ ಮನೆಯಲ್ಲೇ ಉಳಿದೆ; ಏನೂ ಕೆಡಲಿಲ್ಲ. ಹದಿನೈದು ದಿನಕ್ಕೆ ತಪಾಸಣೆಗೆ ಹೋದಾಗ ನರ್ಸಬಾಯಿ ಗಡಿಯಾರ ಸರಿಸುತ್ತ ನಕ್ಕರು. ಯಾಕೆ ಬೇಡವೆಂದು ಅತ್ತೆ ಕೇಳಿದ್ದರು, ಅಕ್ಕ ಕೇಳಿದ್ದಳು, ಸ್ಕ್ಯಾನಿನ ಸಾಲಿನಲ್ಲಿ ಕೂತವರೂ ಕೇಳಿದ್ದರು. ನರ್ಸಬಾಯಿ ದಾರಿಯೊಂದನ್ನೇ ಕೇಳಿದ್ದರು.