ಎಲ್ಲ ಹಾಸಿಗೆಗೂ ಒಂದೇ ರಕ್ತದ ಗುಂಪು

೧೯೮೯ರಲ್ಲಿ ಕದ್ರಿಯ ಒಂದು ಸಣ್ಣ ಕಂಪ್ಯೂಟರ್ ಸೆಂಟರಿಗೆ ಶಶಿಪ್ರಭಾ ಕೆಲಸಕ್ಕೆ ಸೇರಿದಳು. ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ ಕಲಿತಿದ್ದಳು. ಆದರೆ ಮಾಲಕ ಬಾಸಿಲ್ ಬೊಂಬಾಯಿಯಿಂದ ಸಿ ಪ್ಲಸ್ ಪ್ಲಸ್ ಎಂಬ ಹೊಸ ಭಾಷೆ ತಂದಿದ್ದರು. ಅದರಲ್ಲಿ ಮೊದಲು ಕ್ಲಾಸ್ ಬರೆಯಬೇಕು. ಉದಾಹರಣೆಗೆ, ತಾಯಿ ಎಂದರೆ ಹೆಸರು, ಹಾಸಿಗೆ, ರಕ್ತದ ಗುಂಪು ಎಂಬ ನಮೂನೆ ಕ್ಲಾಸ್; ಆ ನಮೂನೆ ತುಂಬಿಸಿದಾಗ ಮೂಡುವ ಗುಲಾಬಿ ಎಂಬವಳೋ ಬಾಗಿ ಎಂಬವಳೋ ಅದರ ಇನ್‌ಸ್ಟನ್ಸ್. ಅಷ್ಟು ತಲೆಗೆ ಹೋಯಿತು. ಒಂದು ಕ್ಲಾಸಿನಿಂದ ಇನ್ನೊಂದನ್ನು ಹುಟ್ಟಿಸುವ ಇನ್‌ಹೆರಿಟೆನ್ಸ್ ಬಂದಾಗ, ಕೇಳಿದರೆ ದಡ್ಡಿ ಎಂದಾರು ಎಂಬ ಹೆದರಿಕೆಯಲ್ಲಿ ಅವಳು ಬಾಯಿಬಿಡಲಿಲ್ಲ. ಅವಳ ಮನೆಯಲ್ಲಿ 'ಬಳಿ', ಅಂದರೆ ಕುಲದ ಹೆಸರು, ತಾಯಿಯಿಂದಲೇ ಮಕ್ಕಳಿಗೆ ಬರುವುದು. ಇದೂ ಹಾಗೆಯೇ ಎಂದುಕೊಂಡಳು.

ಕುಲಶೇಖರದ ಒಂದು ಹೆರಿಗೆ ಆಸ್ಪತ್ರೆಗೆ ಹಾಸಿಗೆಯ ಚೀಟಿ ಮುದ್ರಿಸುವ ಪ್ರೋಗ್ರಾಂ ಅವಳ ಪಾಲಿಗೆ ಬಂತು. 'ತಾಯಿ' ಕ್ಲಾಸಿನಿಂದ 'ಮಗು' ಕ್ಲಾಸ್ ಹುಟ್ಟಿಸಿದಳು. ಮಗುವಿನ ಚೀಟಿಯಲ್ಲಿ ತಾಯಿಯ ರಕ್ತದ ಗುಂಪೂ ಇರಬೇಕಿತ್ತು. ಆ ಜಾಗ ಖಾಲಿ ಬಂತು. ಪುಸ್ತಕ ತಿರುವಿ, ಕ್ಲಾಸಿನಲ್ಲಿ ರಕ್ತದ ಗುಂಪಿನ ಮುಂದೆ 'ಸ್ಟಾಟಿಕ್' ಎಂಬ ಪದ ಸೇರಿಸಿದಳು. ಒಬ್ಬ ತಾಯಿ, ಒಂದು ಮಗು ಹಾಕಿ ನೋಡಿದರೆ ಎಲ್ಲ ಸರಿ. ಫ್ಲಾಪಿ ಆಸ್ಪತ್ರೆಗೆ ಹೋಯಿತು.

ಶನಿವಾರ ಬೆಳಿಗ್ಗೆ ಯಾಕೋ ಮನಸ್ಸು ತಡೆಯದೆ ಇಬ್ಬರು ತಾಯಂದಿರನ್ನು ಹಾಕಿ ನೋಡಿದಳು. ಮೊದಲಿನವಳಿಗೆ ಬಿ, ಎರಡನೆಯವಳಿಗೆ ಓ. ಎರಡು ಚೀಟಿಯಲ್ಲೂ ಓ ಬಂತು. ಸ್ಟಾಟಿಕ್ ಎಂದರೆ ಇಡೀ ಕ್ಲಾಸಿಗೆ ಒಂದೇ! ಕೊನೆಗೆ ತುಂಬಿಸಿದವರದ್ದು ಎಲ್ಲರಿಗೂ.

ಆಸ್ಪತ್ರೆಯ ಫೋನ್ ಸಿಗಲಿಲ್ಲ. ಬಸ್ಸು ಹತ್ತಿದಳು. ಪ್ರತಿ ನಿಲ್ದಾಣದಲ್ಲೂ ಕಂಡಕ್ಟರ್ ಸೀಟಿ ಊದುವುದನ್ನೇ ಕಾದು ಕುಳಿತಳು. ವಾರ್ಡಿನ ಬಾಗಿಲಲ್ಲಿ ನರ್ಸ್ ಮಗ್ದಲೀನ್ ಸಿಕ್ಕರು.

"ಸಿಸ್ಟರ್, ಚೀಟಿ ತಪ್ಪು! ಎಲ್ಲ ತೆಗೀರಿ!"

"ಎಂತ ತಪ್ಪು ಮಾರಾಯ್ತಿ?"

ಎಲ್ಲ ಚೀಟಿಯಲ್ಲೂ ಒಂದೇ ಗುಂಪು ಬರುವುದನ್ನು ಶಶಿಪ್ರಭಾ ಹೇಳುತ್ತಿದ್ದಂತೆ ಮಗ್ದಲೀನ್ ಮುಖ ಬಿಗಿಯಿತು. "ರಕ್ತ ಕೊಡುವ ಮೊದಲು ಲ್ಯಾಬಲ್ಲಿ ಪುನಃ ನೋಡ್ತಾರೆ. ಆದ್ರೆ ಆರನೇ ಹಾಸಿಗೆಯವಳನ್ನು ಈಗಷ್ಟೇ ಆಪರೇಷನ್‌ಗೆ ಕೊಂಡುಹೋದ್ರು," ಎನ್ನುತ್ತಲೇ ಓಡಿದರು.

ಶಶಿಪ್ರಭಾ ಒಂದೊಂದೇ ಚೀಟಿ ಕಿತ್ತಳು. ಹದಿನಾರರಲ್ಲೂ ಎ ಪಾಸಿಟಿವ್. ಅರ್ಧ ಗಂಟೆಯ ಮೇಲೆ ಮಗ್ದಲೀನ್ ಬಂದು, "ರಕ್ತ ಬೇಕಾಗ್ಲಿಲ್ಲ. ಹೆಣ್ಣು ಮಗು," ಎಂದರು. ಶಶಿಪ್ರಭಾ ಬೆಂಚಿನ ಮೇಲೆ ಕುಸಿದು ಅತ್ತಳು.

ಬಾಸಿಲ್ ಬೈದಾರು ಎಂದುಕೊಂಡೇ ಸಂಜೆ ಎಲ್ಲ ಹೇಳಿದಳು. ಅವರು ಕೇಳಿದರು:

"ಮಗು ಒಂದು ಬಗೆಯ ತಾಯಿಯಾ?"

"ಅಲ್ಲ ಸರ್."

"ರೋಗಿ?"

"ಹೌದು... ಇಬ್ಬರೂ."

"ಹಾಗಾದ್ರೆ 'ರೋಗಿ' ಕ್ಲಾಸ್ ಬರೀರಿ, ಇಬ್ಬರನ್ನೂ ಅದರಿಂದ ತನ್ನಿ. ಇನ್‌ಹೆರಿಟೆನ್ಸಲ್ಲಿ ಬರುವುದು ನಮೂನೆ ಮಾತ್ರ. ತುಂಬಿಸಿದ್ದು ಅವರವರದ್ದೇ. ಮಗುವಿನ ಕ್ಲಾಸಲ್ಲಿ ಅದರ ತಾಯಿ ಯಾರೆಂದು ಬೇರೆಯೇ ಬರೆದಿಡ್ಬೇಕು. ನೀವು ಮೊದಲೇ ಕೇಳ್ಬೇಕಿತ್ತು. ಒಬ್ಬರನ್ನೇ ಹಾಕಿ ನೋಡಿದ್ದನ್ನು ಕಳಿಸಿದ್ದರಲ್ಲಿ ನನ್ನ ತಪ್ಪು ಕೂಡ ಉಂಟು."

ಶಶಿಪ್ರಭಾ ಹೊಸದಾಗಿ ಬರೆದು, ನಾಲ್ವರು ತಾಯಂದಿರನ್ನೂ, ಒಂದು ಅವಳಿ ಜೋಡಿ ಸೇರಿ ಐದು ಮಕ್ಕಳನ್ನೂ ಹಾಕಿ ನೋಡಿದಳು. ಎಲ್ಲ ಸರಿ ಬಂತು. ಆದರೂ ನಂಬಿಕೆ ಸಾಲದೆ, ಮುಂದಿನ ಮೂರು ತಿಂಗಳು ಪ್ರತಿ ಸೋಮವಾರ ವಾರ್ಡಿಗೆ ಹೋಗಿ, ರಿಜಿಸ್ಟರ್ ಕೈಯಲ್ಲಿ ಹಿಡಿದು ಒಂದೊಂದು ಹಾಸಿಗೆಯ ಚೀಟಿಯನ್ನೂ ತಾನೇ ಓದಿ ಬರುತ್ತಿದ್ದಳು.