ಹೆಸರು ಕೆತ್ತಿದ ಬೆಂಚು

ಗೆಳೆಯರೇ, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದ ಖುಷಿಗೆ ನಮ್ಮ ಧರ್ಮಾರ್ಥ ಸಂಘ ಚಿತ್ತಾಪುರದ ಬಸ್ ನಿಲ್ದಾಣಕ್ಕೆ ಶಹಾಬಾದ್ ಕಲ್ಲಿನ ಬೆಂಚುಗಳನ್ನು ಕೊಟ್ಟಿತ್ತಲ್ಲ, ಇಂದು ಮಧ್ಯಾಹ್ನ ಅಧ್ಯಕ್ಷ ಶರಣಪ್ಪ ಸಾಹುಕಾರರು ಇನ್ನಷ್ಟು ಬೆಂಚುಗಳಿಗೆ ಜಾಗ ಗುರುತಿಸಲು ಬಂದರು. ಜೊತೆಗೆ ನಾನಿದ್ದೆ. ನೋಡಿದರೆ ಬೆಂಚುಗಳೆಲ್ಲ ಖಾಲಿ. ಜನರೆಲ್ಲ ಅತ್ತ ಬೇವಿನ ಗಿಡದ ಕೆಳಗೆ, ನೆಲದ ಮೇಲೆ.

ಸಾಹುಕಾರರಿಗೆ ಸಿಟ್ಟು ಬಂತು. ಸೇಡಂ ಬಸ್ಸಿಗೆ ಕಾಯುತ್ತಿದ್ದ ಮುದುಕಿ ಖಾಜಾಬಿಯನ್ನು ಕೇಳಿದರು: "ಇಷ್ಟ್ ಛಂದ ಬೆಂಚ್ ಹಾಕ್ಸೀವಿ, ನೆಲದ ಮ್ಯಾಲ ಯಾಕ ಕುಂತೀರಿ?"

"ನೀವು ಒಂದ್ ಸಲ ಅದರ ಮ್ಯಾಲ ಕುಂತು ನೋಡ್ರಿ, ಸಾಹುಕಾರ್ರೆ."

ಕುಳಿತರು. ಕುಳಿತಷ್ಟೇ ಬೇಗ ಧೋತರ ಹಿಡಿದುಕೊಂಡು ಎದ್ದರು. ಕಲ್ಲು ಕಾದ ಹಂಚಾಗಿತ್ತು.

"ಈ ಸಲ ಬೆಂಚ್ ಬ್ಯಾಡ್ರಿ, ಗಿಡ ಹಚ್ಚೂಣು," ಎಂದೆ ನಾನು.

"ಗಿಡದ ಮ್ಯಾಲ ಕೊಟ್ಟವರ ಹೆಸರು ಎಲ್ಲಿ ಕೆತ್ತಸೂದ್ರಿ, ಮಾಸ್ತರ?"

ಖಾಜಾಬಿ ಸರಿದು ಜಾಗ ಮಾಡಿದಳು. "ಬಿಸಲಾಗ ಯಾಕ ನಿಂತೀರಿ? ಬರ್ರಿ, ಇಲ್ಲಿ ಕುಂದ್ರಿ."

ಸಾಹುಕಾರರು ಬಂದು ಕುಳಿತು, ಟೋಪಿ ತೆಗೆದು, ಹಾಯಾಗಿ ಉಸಿರು ಬಿಟ್ಟರು. ಆ ನೆರಳನ್ನು ಕೊಟ್ಟವರ ಹೆಸರು ಎಲ್ಲಿಯೂ ಬರೆದಿರಲಿಲ್ಲ.