ತಾತಯ್ಯನ ಕೆನ್ನೆಗೊಂದು ದೃಷ್ಟಿಬೊಟ್ಟು

ಪಟಮಟದ ಮೊದಲ ಸಿಟಿ ಬಸ್ಸು ಇನ್ನೂ ಹೊರಟಿಲ್ಲ. ವಿಜಯವಾಡದ ಈ ಬೀದಿಯಲ್ಲಿ ಮಹಡಿ ಮೇಲಿನ ಸ್ಟುಡಿಯೋ ಒಂದರಲ್ಲಿ ಮಾತ್ರ ದೀಪ ಉರಿಯುತ್ತಿದೆ. ಒಳಗೆ ಬಿಂದುಶ್ರೀ ಕಂಪ್ಯೂಟರ್ ಮುಂದೆ ಕುಳಿತು, ತೀರಿಹೋದ ಅಜ್ಜನೊಬ್ಬನ ಕೈಯಲ್ಲಿ ಆಶೀರ್ವಾದ ಮಾಡಿಸುತ್ತಿದ್ದಾರೆ. ಅಜ್ಜ ನಗುತ್ತಾನೆ, ತಲೆಯಾಡಿಸುತ್ತಾನೆ, ಕೈ ಎತ್ತುತ್ತಾನೆ. ಹಣೆಯ ಕುಂಕುಮ ಮಾತ್ರ ತಲೆಯ ಜೊತೆ ಹೋಗದೆ ಗಾಳಿಯಲ್ಲೇ ನಿಂತುಬಿಟ್ಟಿದೆ!

“ಅದು ಪಟದ ಗಾಜಿನ ಮೇಲಿಟ್ಟ ಬೊಟ್ಟು ರೀ. ಎಐಗೆ ಏನು ಗೊತ್ತಾಗತೈತಿ ಪಾಪ,” ಎಂದು ನಗುತ್ತಾರೆ. ಮನೆಯವರು ಗೋಡೆಯ ಪಟವನ್ನು ಹಾರದ ಸಮೇತ ಮೊಬೈಲಿನಲ್ಲಿ ಹಿಡಿದು ಕಳಿಸುತ್ತಾರೆ. ಕುಂಕುಮ ಒರೆಸಿ ಎಂದರೆ ಅಪಶಕುನ ಎನ್ನುತ್ತಾರೆ. ಚೌಕಟ್ಟಿನಿಂದ ಫೋಟೋ ಬಿಚ್ಚಿ ಇನ್ನೊಮ್ಮೆ ತೆಗೆದು ಕಳಿಸಿ ಎಂದು ಫೋನಿನಲ್ಲಿ ಕಾಡಿ ಬೇಡುವುದರಿಂದಲೇ ಇವರ ದಿನ ಶುರುವಾಗುತ್ತದೆ.

ಆಂಧ್ರದ ಮದುವೆಗಳಲ್ಲಿ ಈಗ ಇದೊಂದು ಖುಷಿ. ಕಾಲವಾದ ಹಿರಿಯರು ಮಂಟಪದ ದೊಡ್ಡ ಪರದೆಯ ಮೇಲೆ ಬಂದು ವಧೂವರರನ್ನು ಹರಸಬೇಕು. ಹರಸುವ ಅಜ್ಜನನ್ನು ಮಾಡುವವರು ಬಹಳ ಮಂದಿ ಇದ್ದಾರೆ. ಅದು ಅಜ್ಜನಲ್ಲ, ಯಂತ್ರ ಮಾಡಿದ್ದು ಎಂದು ಪ್ರತಿಯೊಂದರ ಮೇಲೂ ಗುರುತು ಹಾಕಿ ಕಳಿಸುವ ಕೆಲಸ ಮಾತ್ರ ಬಿಂದುಶ್ರೀ ಅವರದು. ಮುಹೂರ್ತದ ದಿನಗಳಲ್ಲಿ ಹತ್ತು ಹನ್ನೆರಡು ವಿಡಿಯೋ ಅವರ ಕೈ ದಾಟಿ ಹೋಗುತ್ತವೆ. ಹರಸಿದ ಅಜ್ಜನಿಗೆ ಚಪ್ಪಾಳೆ, ಗುರುತು ಹಾಕಿದ ಇವರಿಗೆ ಬೈಗುಳ!

ದಾವಣಗೆರೆಯ ಹೆಣ್ಣುಮಗಳು. ಬ್ಯಾಂಕಿನಲ್ಲಿದ್ದ ಪತಿ ಗುರುದತ್ ಅವರಿಗೆ ವರ್ಗವಾದಾಗ ಮಡಿಲಲ್ಲಿ ಕೂಸಿಟ್ಟುಕೊಂಡು ಇಲ್ಲಿಗೆ ಬಂದವರು. ತೆಲುಗಿನ ಒಂದಕ್ಷರ ಬಾರದು. ತರಕಾರಿಯವಳ ಮುಂದೆ ಮೂಕಿಯಂತೆ ನಿಲ್ಲುತ್ತಿದ್ದೆ, ಮನೆಗೆ ಬಂದು ಅಳುತ್ತಿದ್ದೆ ಎನ್ನುತ್ತಾರೆ. ಮದುವೆ ಸಿ.ಡಿ.ಗಳಿಗೆ ಹೆಸರು ಟೈಪು ಮಾಡುವ ಕೆಲಸ ಸಿಕ್ಕಿತು, ಅದರಲ್ಲೇ ಲಿಪಿ ಕಲಿತರು. ಪತಿಗೆ ಈಗ ವಿಶಾಖಪಟ್ಟಣಕ್ಕೆ ವರ್ಗವಾಗಿದೆ. ಮಗಳು ಸಹನಾಳ ಕಾಲೇಜು ಇಲ್ಲಿರುವುದರಿಂದ ಸಂಸಾರ ಎರಡು ಊರಿಗೆ ಹಂಚಿಹೋಗಿದೆ.

ಎಐ ಬಳಸಿ ಮಾಡಿದ ದೃಶ್ಯಕ್ಕೆ, ದನಿಗೆ ಹಾಗೆಂದು ಗುರುತು ಇರಬೇಕೆಂದು ಸರ್ಕಾರ ನಿಯಮ ತಂದಾಗ ಸ್ಟುಡಿಯೋ ಮಾಲೀಕ ರಮಾಕಾಂತ ಆ ಜವಾಬ್ದಾರಿಯನ್ನು ಇವರ ತಲೆಗೆ ಕಟ್ಟಿದರು. ಇವರು ಅದನ್ನು ಮನಸ್ಸಿಗೇ ಹಚ್ಚಿಕೊಂಡುಬಿಟ್ಟರು. ಅದಕ್ಕೊಂದು ಕಾರಣವಿದೆ. ನಿಯಮಕ್ಕೂ ಮೊದಲು ಇವರದೇ ಸ್ಟುಡಿಯೋದಲ್ಲಿ ಒಬ್ಬ ಹೆಡ್‌ಮಾಸ್ತರರ ಆಶೀರ್ವಾದ ತಯಾರಾಗಿತ್ತು. ಯಾರೋ ಪುಣ್ಯಾತ್ಮರು ಅದನ್ನು ಕದ್ದು ದನಿ ಬದಲಿಸಿದರು. ಸತ್ತು ವರ್ಷವಾಗಿದ್ದ ಮಾಸ್ತರು ಮೊಬೈಲುಗಳಲ್ಲಿ ಮಂಡಿನೋವಿನ ಎಣ್ಣೆ ಮಾರತೊಡಗಿದರು. ಅವರ ಸ್ವಂತ ಷಡ್ಡಕರೇ ಎರಡು ಬಾಟಲಿ ತರಿಸಿದ್ದರಂತೆ!

ನಿಜವಾದ ಪರೀಕ್ಷೆ ಬಂದದ್ದು ಹೋದ ಮದುವೆ ಕಾಲದಲ್ಲಿ. ವಿಶಾಖಪಟ್ಟಣದ ದುರ್ಗಾಪ್ರಸಾದ್ ಅವರ ಮಗಳು ಪ್ರತ್ಯೂಷಾಳ ಮದುವೆ. ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ, ತೀರಿಹೋದ ಅವಳ ಅಜ್ಜ, ಮನೆಯವರ ತಾತಯ್ಯ, ಪರದೆಯ ಮೇಲೆ ಬರಬೇಕಿತ್ತು. ಮದುವೆ ಯೂಟ್ಯೂಬಿನಲ್ಲಿ ನೇರವಾಗಿ ಹೋಗುವುದಿತ್ತು. ವಿಡಿಯೋ ನೋಡಿದ ದುರ್ಗಾಪ್ರಸಾದ್ ಮೂಲೆಯಲ್ಲಿ ಗುರುತಿಗೆ ಹಾಕಿದ ಅಕ್ಷರ ತೆಗೆಯಿರಿ ಎಂದು ಪಟ್ಟು ಹಿಡಿದರು. ಅಪ್ಪ ಎದುರು ಬಂದ ಹೊತ್ತಿನಲ್ಲಿ ಇದು ಸುಳ್ಳು ಎಂದು ಬರೆದರೆ ಅಮ್ಮನ ಎದೆ ಒಡೆಯುತ್ತದೆ ಎಂಬುದು ಅವರ ಸಂಕಟ. ಸ್ಟುಡಿಯೋದ ಹಳೆಯ ಗಿರಾಕಿ ಅವರು. ರಮಾಕಾಂತ ಕೂಡ ಮೆತ್ತಗಾದರು. ಅಕ್ಷರ ತೆಗೆಯುವುದಾದರೆ ನಾಳೆಯಿಂದ ನಾನು ಬರುವುದಿಲ್ಲ ಎಂದರು ಬಿಂದುಶ್ರೀ. ಈ ಊರಿನಲ್ಲಿ ಅವರಿಗೆಂದು ಇದ್ದದ್ದು ಅದೊಂದೇ ಕೆಲಸ.

ಆ ಶನಿವಾರ ವಿಡಿಯೋವನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ವಿಶಾಖಪಟ್ಟಣದ ರೈಲು ಹತ್ತಿದರು. “ಯಜಮಾನರಿಗೆ ಚಟ್ನಿಪುಡಿನೂ ಕೊಟ್ಟಂಗಾತು ಅಂತ ಹೋದೆ,” ಎಂದು ನಗುತ್ತಾರೆ. ಬಂದರಿನ ಹತ್ತಿರದ ಆ ಮನೆಯಲ್ಲಿ ಮಗ ಬೇಡ ಬೇಡ ಎನ್ನುತ್ತಿದ್ದರೂ ತಾತಯ್ಯನ ಹೆಂಡತಿ ಅಪ್ಪಲನರಸಮ್ಮನವರ ಮುಂದೆಯೇ ವಿಡಿಯೋ ಹಾಕಿದರು. ಅಜ್ಜಿ ನೋಡಿದರು, ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದರು. ಮೂಲೆಯಲ್ಲಿ ಏನು ಬರೆದಿದೆ ಎಂದು ಕೇಳಿದರು.

ಬಿಂದುಶ್ರೀ ತಮ್ಮ ದಾವಣಗೆರೆ ತೆಲುಗಿನಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದರು. ಇದು ಅವರಲ್ಲ ಅಮ್ಮಾ, ಕಂಪ್ಯೂಟರ್ ಮಾಡಿದ್ದು ಎಂದು ಬರೆದಿದೆ. ಕೂಸು ಬಹಳ ಚೆಂದ ಕಂಡರೆ ಕೆನ್ನೆಗೆ ಕಪ್ಪು ಬೊಟ್ಟು ಇಡುತ್ತೇವಲ್ಲ, ಅದು ಕೂಸಿನ ಅಂದ ಕೆಡಿಸುವುದಕ್ಕಲ್ಲ, ಕೆಟ್ಟ ಕಣ್ಣು ಬೀಳದಿರಲಿ ಎಂದು. ಇದೂ ಹಾಗೆಯೇ. ನಾಳೆ ಯಾರೂ ಅವರನ್ನು ಕದ್ದು ಎಣ್ಣೆ ಮಾರಿಸಬಾರದು.

ಅಜ್ಜಿ ಗೊಳ್ಳೆಂದು ನಕ್ಕರಂತೆ. ಇದು ಅವರಲ್ಲವೆಂದು ನನಗೆ ಗೊತ್ತಾಗದೆ? ಬದುಕಿದ್ದಾಗ ಒಂದು ದಿನವಾದರೂ ಇಷ್ಟು ಇಂಪಾಗಿ ಮಾತಾಡಿದ ಮನುಷ್ಯನೇ ಅವರು? ಆದರೆ ಅಕ್ಷರ ಬಹಳ ಸಣ್ಣದು, ನನ್ನ ವಯಸ್ಸಿನವರಿಗೆ ಕಾಣುವುದಿಲ್ಲ, ಬೊಟ್ಟು ನಾನೇ ಇಡುತ್ತೇನೆ ಎಂದು ಮೈಕು ಕೇಳಿ, ಅಲ್ಲೇ ತಮ್ಮ ದನಿ ಮುದ್ರಿಸಿಕೊಟ್ಟರು.

ಮದುವೆಯ ದಿನ ಪರದೆಯ ಮೂಲೆಯಲ್ಲಿ ಅಕ್ಷರವೂ ಇತ್ತು. ಅದರ ಜೊತೆಗೇ ಮೊದಲು ಕೇಳಿಸಿದ್ದು ಅಜ್ಜಿಯ ದನಿ: “ಈಯನ ಮಾ ಆಯನ ಕಾದು.” ಇವರು ನಮ್ಮ ಯಜಮಾನರಲ್ಲ, ಮಕ್ಕಳು ಪ್ರೀತಿಯಿಂದ ಎಐನಲ್ಲಿ ಮಾಡಿಸಿದ್ದಾರೆ, ನೋಡಿ ಸಂತೋಷಪಡಿ, ನಿಜವಾದ ಆಶೀರ್ವಾದ ಬೇಕಿದ್ದವರು ಮುಂದಿನ ಸಾಲಿಗೆ ಬನ್ನಿ, ನಾನಿದ್ದೇನೆ. ಮಂಟಪಕ್ಕೆ ಮಂಟಪವೇ ನಕ್ಕಿತು. ಪ್ರತ್ಯೂಷಾ ವೇದಿಕೆಯಿಂದ ಓಡಿಬಂದು ಅಜ್ಜಿಯ ಕಾಲಿಗೆ ಬಿದ್ದಳು. ಹಿಂದೆ, ಸೌಂಡ್ ಪೆಟ್ಟಿಗೆಯ ಪಕ್ಕ ನಿಂತು ಬಿಂದುಶ್ರೀ ಸಂತೋಷಕ್ಕೆ ಅತ್ತರು. ದುರ್ಗಾಪ್ರಸಾದರೇ ಬಿಂದುಶ್ರೀ ಅವರನ್ನು ಹುಡುಕಿಕೊಂಡು ಬಂದು ಊಟದ ಪಂಕ್ತಿಗೆ ತಾವೇ ಕರೆದೊಯ್ದರು.

ಈಗ ಗಿರಾಕಿಗಳೇ ಬಂದು ನಮ್ಮನೆ ಅಜ್ಜಿ ದನಿಯಲ್ಲೂ ಹಾಗೆ ಹೇಳಿಸಿಕೊಡಿ ಎಂದು ಕೇಳುತ್ತಾರೆ. ಮೆತ್ತಗಾಗಿದ್ದ ರಮಾಕಾಂತ ಅದು ತಮ್ಮದೇ ಯೋಚನೆ ಎಂಬಂತೆ ಓಡಾಡುತ್ತಿದ್ದಾರೆ. ಬಿಂದುಶ್ರೀಗೆ ಅದನ್ನು ನೋಡುವುದೇ ಒಂದು ತಮಾಷೆ.

ಕೆಳಗೆ ಬಸ್ಸಿನ ಸದ್ದು. ಗಾಳಿಯಲ್ಲಿ ನಿಂತಿದ್ದ ಬೊಟ್ಟು ಅಳಿಸಿ, ಮೂಲೆಗೆ ಅಕ್ಷರ ಹಾಕಿ, ಅಜ್ಜನನ್ನು ಇವತ್ತಿನ ಮದುವೆಗೆ ಕಳಿಸಿಕೊಟ್ಟಿದ್ದಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದೆ. ಮಗಳ ನಾಲಿಗೆಯಲ್ಲಿ ಈಗ ತೆಲುಗೇ ಸರಾಗ, ಕನ್ನಡ ಅಮ್ಮನ ಜೊತೆ ಅಡುಗೆಮನೆಯಲ್ಲಷ್ಟೇ ಎಂದರು. ಆಮೇಲೆ ತುಂಟ ನಗೆ ಬಂತು.

“ಮುಂದೆ ನಾ ಹೋದ ಮ್ಯಾಲೆ ನಂದೂ ಒಂದು ವಿಡಿಯೋ ಮಾಡಿಸ್ತಾಳ್ರಿ ಅಕಿ. ಮಾಡಿಸ್ಲಿ. ಆದ್ರ ಶುರುವಿಗೆ ‘ಇದು ನಮ್ಮಮ್ಮ ಅಲ್ಲ’ ಅಂತ ತಾನೇ ಹೇಳ್ಬೇಕು, ಕನ್ನಡದಾಗ ಹೇಳ್ಬೇಕು. ಈಗಿಂದ್ಲೇ ಬಾಯಿಪಾಠ ಮಾಡಿಸಾಕತ್ತೀನಿ.”